ಕೋವಿ, ಕ್ಯಾಮೆರಾ, ಗಂಧದ ಸೀಸೆ

ಜಿಂಕೆಯನ್ನು ಕಾಣುವ ಆಸೆಯೂ ಕೊಲ್ಲುವ ಆಸೆಯೂ ಒಂದೇ ಕಾಡುದಾರಿಯಲ್ಲಿ ನಡೆದು ಬಂದಿವೆಯೆಂದು ನಾವು ಭಾವಿಸುತ್ತೇವೆ. ಅಮೆರಿಕದ ವಕೀಲ ಜಾರ್ಜ್ ಶೈರಸ್ ಮೊದಲು ಬೇಟೆಗಾರರು. ಮಿಶಿಗನ್ನಿನ ಸರೋವರಗಳಲ್ಲಿ ರಾತ್ರಿ ದೋಣಿಯ ಮುಂದೆ ದೀಪವಿಟ್ಟು, ಬೆಳಕಿಗೆ ಬೆರಗಾಗಿ ನಿಂತ ಜಿಂಕೆಗೆ ಗುಂಡಿಕ್ಕುವ ಪದ್ಧತಿಯಿತ್ತು. (ನಮ್ಮ ಮಲೆನಾಡಿನ ಶಿಕಾರಿಯವರಿಗೂ ಈ ಉಪಾಯ ಹೊಸದಲ್ಲ.) ಶೈರಸ್ ಕೋವಿಯನ್ನು ಬಿಟ್ಟು ಅದೇ ದೋಣಿಯಲ್ಲಿ ಕ್ಯಾಮೆರಾ ಇರಿಸಿದರು. ಮುಂದೆ ಪ್ರಾಣಿಯೇ ದಾರವನ್ನೆಳೆದು ತನ್ನ ಚಿತ್ರ ತೆಗೆದುಕೊಳ್ಳುವ ಏರ್ಪಾಡನ್ನೂ ಮಾಡಿದರು. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು.

1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇಂತಹ ಸ್ವಯಂಚಾಲಿತ ಕ್ಯಾಮೆರಾಗಳಿಂದಲೇ, ಪಟ್ಟೆಗಳ ಗುರುತು ಹಿಡಿದು ಹುಲಿಗಳ ಸಂಖ್ಯೆಯನ್ನು ಅಂದಾಜಿಸಿದರು.

ಅಮೆರಿಕದಲ್ಲಾದರೋ ಕ್ಯಾಮೆರಾ ಮರಳಿ ಬೇಟೆಗಾರನ ಕೈಸೇರಿತು. ಬೆದೆಗಾಲದಲ್ಲಿ ಹೆಣ್ಣುಜಿಂಕೆಯ ಮೂತ್ರವನ್ನು ಸಿಂಪಡಿಸಿ ಗಂಡನ್ನು ಕರೆಯುವುದು. ಅದು ಬರುವ ಹೊತ್ತನ್ನು ಚಿತ್ರದಿಂದ ತಿಳಿದು ಕೋವಿಯೊಡನೆ ಕಾಯುವುದು. ಆದರೆ 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಾಣಿಸಿಕೊಂಡ, ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಮಿದುಳುರೋಗವೊಂದುಂಟು, ಅದಕ್ಕೆ ಮದ್ದಿಲ್ಲ. ಅದರ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಮೂತ್ರದಲ್ಲಿಯೂ ಹೊರಬೀಳಬಲ್ಲುದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುದು. ಈ ಭಯದಿಂದಲೇ ವರ್ಜೀನಿಯಾ ರಾಜ್ಯ 2015ರಲ್ಲಿ ಜಿಂಕೆಯ ಮೂತ್ರದ ಆಮಿಷವನ್ನು ನಿಷೇಧಿಸಿತು. ಕೃತಕ ಗಂಧಕ್ಕೆ ಮಾತ್ರ ಅಡ್ಡಿಯಿಲ್ಲ.