ಡಾರ್ವಿನ್ನನ ಜೀರುಂಡೆಯೊಂದರ ನಾಮಕರಣ

ಹೊಸ ಪ್ರಭೇದವೊಂದು ಪತ್ತೆಯಾಯಿತೆಂದರೆ, ಯಾರೋ ಅರಣ್ಯವನ್ನು ಹೊಕ್ಕು ಹಿಂದೆ ಯಾರೂ ಕಾಣದ ಜೀವಿಯನ್ನು ಹಿಡಿದು ತಂದರೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಸಂಗ್ರಹಿಸುವುದೇ ಬೇರೆ, ಗುರುತಿಸುವುದೇ ಬೇರೆ. ಇವೆರಡರ ನಡುವೆ ಎಷ್ಟು ಕಾಲ ಸರಿಯಬಹುದೆಂಬುದಕ್ಕೆ ಡಾರ್ವಿನಿಲಸ್ ಸೆಡಾರಿಸಿ ಎಂಬ ಜೀರುಂಡೆಯ ಇತಿಹಾಸವು ಒಂದು ನಿದರ್ಶನ.

ಈ ಕೀಟವು ಇಂಗ್ಲಿಷಿನಲ್ಲಿ ರೋವ್ ಬೀಟಲ್ ಎನಿಸಿಕೊಳ್ಳುವ ಸ್ಟ್ಯಾಫಿಲಿನಿಡೀ ಕುಟುಂಬಕ್ಕೆ ಸೇರಿದುದು. ಈ ಕುಟುಂಬದ ಜೀರುಂಡೆಗಳಲ್ಲಿ ಗಟ್ಟಿಯಾದ ಮುಂದಿನ ರೆಕ್ಕೆಗಳು ಸಾಮಾನ್ಯವಾಗಿ ಗಿಡ್ಡವಾಗಿದ್ದು, ಉದರದ ಬಹುಭಾಗವು ಹೊರಗೆ ಕಾಣುತ್ತದೆ. ಇದರಲ್ಲಿ 60,000ಕ್ಕೂ ಮಿಕ್ಕಿದ ಪ್ರಭೇದಗಳಿಗೆ ಈಗಾಗಲೇ ಹೆಸರಿಡಲಾಗಿದೆ. ಇಷ್ಟು ದೊಡ್ಡ ಸಮುದಾಯದಲ್ಲಿ ಹೊಸದನ್ನು ಹೊಸದೆಂದು ಸ್ಥಾಪಿಸುವುದು ಸುಲಭದ ಕಾರ್ಯವಲ್ಲ.

1832ರಲ್ಲಿ ಬೀಗಲ್ ಹಡಗು ಅರ್ಜೆಂಟೀನದ ಬಾಹಿಯಾ ಬ್ಲಾಂಕಾದಲ್ಲಿ ತಂಗಿದ್ದಾಗ, ಇಪ್ಪತ್ತಮೂರು ವರ್ಷದ ಚಾರ್ಲ್ಸ್ ಡಾರ್ವಿನ್ನನು ಈ ಕೀಟವನ್ನು ಹಿಡಿದನು. ಸಂಗ್ರಹಿಸಿದ ವಸ್ತುಗಳಿಗೆ ಸಂಖ್ಯೆಯನ್ನು ಕೊಟ್ಟು ಪಟ್ಟಿಯಲ್ಲಿ ಬರೆದಿಡುವುದು ಅವನ ಕ್ರಮವಾಗಿತ್ತು. 1836ರಲ್ಲಿ ಯಾನವು ಮುಗಿದ ತರುವಾಯ ಅವನ ಕೀಟಗಳು ಹಲವು ತಜ್ಞರ ಕೈಗಳಿಗೆ ಹಂಚಿಹೋದುವು. ನಾವು ಹೇಳುತ್ತಿರುವ ಕೀಟವಾದರೋ ಕಡೆಗೆ ಲಂಡನ್ನಿನ ಪ್ರಕೃತಿ ಇತಿಹಾಸ ಸಂಗ್ರಹಾಲಯದಲ್ಲಿ ಹೆಸರಿಲ್ಲದೆ ಉಳಿಯಿತು.

ಅಮೆರಿಕದ ಟೆನೆಸೀ ವಿಶ್ವವಿದ್ಯಾನಿಲಯದ ಚಟನೂಗಾ ವಿಭಾಗದಲ್ಲಿದ್ದ ಸ್ಟಿಲಿಯಾನೋಸ್ ಚಾಟ್ಜಿಮನೋಲಿಸ್ ಅವರು ಆ ಸಂಗ್ರಹಾಲಯದಿಂದ ಎರವಲಾಗಿ ತರಿಸಿದ ಜೀರುಂಡೆಗಳಲ್ಲಿ ಇದೂ ಒಂದಾಗಿತ್ತು. ತಲೆಯ ಹಾಗೂ ಮುಂದಿನ ಎದೆಭಾಗದ ಹಸುರು ಹೊಳಪು, ಗರಗಸದ ಹಲ್ಲುಗಳಂತೆ ಒಂದು ಪಕ್ಕಕ್ಕೆ ಚಾಚಿದ ಸ್ಪರ್ಶಾಂಗದ ಗೆಣ್ಣುಗಳು, ಇವುಗಳನ್ನು ಬಂಧುವರ್ಗದ ಜಾತಿಗಳೊಡನೆ ಹೋಲಿಸಿ ನೋಡಿದಾಗ, ಪ್ರಭೇದವಷ್ಟೇ ಅಲ್ಲ, ಜಾತಿಯೂ ಹೊಸದೆಂದು ಸಿದ್ಧವಾಯಿತು. ಡಾರ್ವಿನ್ನನ ಹೆಸರನ್ನು ಜಾತಿಗೂ, ಲೇಖಕ ಡೇವಿಡ್ ಸೆಡಾರಿಸ್ ಅವರ ಹೆಸರನ್ನು ಪ್ರಭೇದಕ್ಕೂ ಇಟ್ಟು ಅವರು ಬರೆದ ವಿವರಣೆಯು 2014ರ ಫೆಬ್ರವರಿ 12ರಂದು, ಡಾರ್ವಿನ್ನನ ಜನ್ಮದಿನದಂದೇ, ಜೂಕೀಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಡಿದ ದಿನಕ್ಕೂ ಹೆಸರಿಟ್ಟ ದಿನಕ್ಕೂ ನಡುವೆ ಕಳೆದುದು ಸುಮಾರು 182 ವರ್ಷಗಳು.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಗಳಂತೆ, ಹೊಸ ಹೆಸರಿಗೆ ಆಧಾರವಾಗಿ ಒಂದು ಮಾದರಿಯನ್ನು ಗೊತ್ತುಪಡಿಸಬೇಕು. ಹೋಲೊಟೈಪ್ ಎನಿಸುವ ಆ ಸ್ಥಾನವು ಡಾರ್ವಿನ್ನನ ಕೀಟಕ್ಕೆ ದೊರೆಯಿತು. ಸೂಜಿಗೆ ಚುಚ್ಚಿದ ಚೀಟಿಯೊಂದು ಕಳೆದುಹೋಗಿದ್ದರೆ, ಸ್ಥಳವೂ ಸಂಗ್ರಾಹಕನೂ ತಿಳಿಯದೆ ಈ ಇತಿಹಾಸವೇ ಇಲ್ಲವಾಗುತ್ತಿತ್ತು. ಊರ ಹೊರಗಿನ ಶಾಸನವು ಓದುವವರು ಬರುವವರೆಗೆ ಬರಿಯ ಕಲ್ಲಾಗಿ ನಿಂತಿರುತ್ತದೆ. ಅಕ್ಷರಗಳು ಅಳಿಸಿದ ಮೇಲೆ ಓದುವವರು ಬಂದು ಫಲವೇನು?

ಈ ವೃತ್ತಾಂತದಲ್ಲಿ ಸಂತೋಷದೊಡನೆ ಕಳವಳವೂ ಬೆರೆತಿದೆ. ವಿವರಣೆಗೆ ದೊರೆತ ಇನ್ನೊಂದು ಮಾದರಿಯು ಬರ್ಲಿನ್ನಿನ ಸಂಗ್ರಹಾಲಯದಲ್ಲಿದ್ದು, ಅರ್ಜೆಂಟೀನದ ರಿಯೋ ಕ್ವಾರ್ಟೋದಲ್ಲಿ 1935ಕ್ಕೆ ಮುಂಚೆ ಸಿಕ್ಕಿದುದು. ಆ ಪ್ರದೇಶದ ನೆಲವು ಬಹುಮಟ್ಟಿಗೆ ಕೃಷಿಭೂಮಿಯಾಗಿ ಮಾರ್ಪಟ್ಟಿರುವುದರಿಂದ, ಹೆಸರು ದೊರೆಯುವ ಮೊದಲೇ ಜೀವಿಯು ನಶಿಸಿರಬಹುದೆಂಬ ಶಂಕೆಯನ್ನು ವಿವರಣಕಾರರೇ ಸೂಚಿಸಿದ್ದಾರೆ. ಸಂಗ್ರಹಾಲಯದ ಪೆಟ್ಟಿಗೆಯು ಮಾದರಿಯನ್ನು ಕಾಪಾಡಬಲ್ಲುದು, ವಂಶವನ್ನು ಕಾಪಾಡಲಾರದು. ಆದುದರಿಂದ ನಮ್ಮ ಕಾಲೇಜುಗಳ ಕಪಾಟುಗಳಲ್ಲಿರುವ ಕೀಟಗಳ ಚೀಟಿಗಳನ್ನು ಅಳಿಯುವ ಮುನ್ನ ಓದುವುದೂ ಸಂಶೋಧನೆಯೇ ಎಂದು ನಾವು ತಿಳಿಯಬೇಕು.