ಕಿಲೋಮೀಟರ್ ಕಿರಿದಾಯಿತು, ಮಳೆ ಸಿಕ್ಕಿತೇ?

2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಎಂಬ ಹವಾಮಾನ ಮುನ್ಸೂಚನಾ ಮಾದರಿ ಬಳಕೆಗೆ ಬಂದಾಗ ಸುದ್ದಿಗಳಲ್ಲಿ ಎದ್ದು ಕಂಡದ್ದು ಒಂದೇ ಅಂಕಿ: 12 ಕಿ.ಮೀ. ಇದ್ದ ಗ್ರಿಡ್, ಅಂದರೆ ಮಾದರಿ ಲೆಕ್ಕ ಹಾಕುವ ಚೌಕದ ಅಗಲ, 6 ಕಿ.ಮೀ.ಗೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಗ್ರಿಡ್ಡನ್ನು ಅರ್ಧಕ್ಕೆ ಇಳಿಸಿದರೆ ಉದ್ದ, ಅಗಲ, ಕಾಲದ ಹೆಜ್ಜೆ ಮೂರೂ ಸೇರಿ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟು ಏರುತ್ತದೆ. ಆದರೆ ಹವಾಮಾನ ಮಾದರಿಗಳ ಚರಿತ್ರೆ ಎಂದರೆ ಗ್ರಿಡ್ ಕುಗ್ಗುತ್ತ ಬಂದ ಚರಿತ್ರೆ ಎಂದು ಓದುವ ಚಾಳಿ ಈಗ ಗಟ್ಟಿಯಾಗಿಬಿಟ್ಟಿದೆ. ಜಿಲ್ಲೆ, ತಾಲ್ಲೂಕಿನ ಮಳೆಯನ್ನು ಹೇಳಬೇಕಾದ ಪ್ರಾದೇಶಿಕ ಮಾದರಿಗಳ ವಿಷಯದಲ್ಲಂತೂ ಈ ಓದು ಹಾದಿ ತಪ್ಪಿಸುತ್ತದೆ.

ಮೊದಲ ಪಾಠ ನೂರು ವರ್ಷ ಹಳೆಯದು. ವಾತಾವರಣದ ಈ ಕ್ಷಣದ ಸ್ಥಿತಿ ಮತ್ತು ಭೌತನಿಯಮಗಳು ಗೊತ್ತಿದ್ದರೆ ಮುಂದಿನದನ್ನು ಲೆಕ್ಕ ಹಾಕಬಹುದೆಂದು ನಾರ್ವೆಯ ಬ್ಯರ್ಕ್ನೆಸ್ 1904ರಲ್ಲಿ ಹೇಳಿದರು. ಇಂಗ್ಲೆಂಡಿನ ರಿಚರ್ಡ್‌ಸನ್ ಅದನ್ನು ಕೈಯಲ್ಲೇ ಲೆಕ್ಕ ಹಾಕಿ 1922ರಲ್ಲಿ ಪುಸ್ತಕ ಮಾಡಿದರು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆ ಎಂಬ ಅಸಂಬದ್ಧ ಉತ್ತರ ಬಂತು. ಸಮೀಕರಣಗಳು ಸರಿಯಾಗಿಯೇ ಇದ್ದವು. ಆರಂಭಕ್ಕೆ ಕೊಟ್ಟ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. 1950ರಲ್ಲಿ ಚಾರ್ನಿ ತಂಡ ಎನಿಯಾಕ್ ಯಂತ್ರದಲ್ಲಿ ಗೆದ್ದದ್ದು ಸಮೀಕರಣಗಳನ್ನು ಸರಳಗೊಳಿಸಿ ಆ ತೊಡಕನ್ನು ಬದಿಗಿಟ್ಟದ್ದರಿಂದ. ಆರಂಭ ಸ್ಥಿತಿ ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂಬ ಈ ಪಾಠವನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಕಲಿಯುತ್ತ ಬಂದಿದೆ.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು 1988ರಲ್ಲಿ ಮಧ್ಯಮಾವಧಿ ಮುನ್ಸೂಚನೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿ, ದೆಹಲಿಗೆ ಕ್ರೇ ಸೂಪರ್‌ಕಂಪ್ಯೂಟರ್ ಬಂದ ಮೇಲೆ. ಅಲ್ಲಿ ಓಡಿದ ಟಿ-80 ಮಾದರಿಯ ಗ್ರಿಡ್ ಸುಮಾರು 150 ಕಿ.ಮೀ. ಅದರ ಕಣ್ಣಿಗೆ ಸಹ್ಯಾದ್ರಿ ಎಂದರೆ ಇಳಿಜಾರಾದ ಒಂದು ದಿಬ್ಬ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಂಥ ಯಂತ್ರ ಕೊಡಲು ಅಮೆರಿಕ ಒಪ್ಪಲಿಲ್ಲ. ಅದೇ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಿಂದಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟುವ ಕೆಲಸ ನಡೆದಿತ್ತು. ಮುಂದೆ ಟಿ-80 ಮಾದರಿಯನ್ನೇ ಅದರ ಮೇಲೆ ಓಡಿಸಿದರು. ಆ ಕಾಲದ ಕಥೆ ಹೇಳುವವರು ಯಂತ್ರಗಳ ಹೆಸರು ಹೇಳಿ ಮುಗಿಸುತ್ತಾರೆ. ನನ್ನ ಎಣಿಕೆಯಲ್ಲಿ ಹೆಚ್ಚಿನ ಕೆಲಸ ಬಯಲಿನಲ್ಲಿ, ಕಡಲಲ್ಲಿ ನಡೆಯಿತು. 1990ರ ಮಾಂಟ್‌ಬ್ಲೆಕ್ಸ್ ಪ್ರಯೋಗದಲ್ಲಿ ಜೋಧಪುರದಿಂದ ಖರಗ್‌ಪುರದವರೆಗೆ ಗೋಪುರ ನಿಲ್ಲಿಸಿ ನೆಲಕ್ಕಂಟಿದ ಗಾಳಿಪದರವನ್ನು ಅಳೆದರು. 1999ರಲ್ಲಿ ಬಂಗಾಳ ಕೊಲ್ಲಿಯಲ್ಲಿ, 2002ರಲ್ಲಿ ಅರಬ್ಬೀ ಸಮುದ್ರದಲ್ಲಿ ಹಡಗು ನಿಲ್ಲಿಸಿ ಮುಂಗಾರನ್ನು ಅಳೆದರು. ಮದ್ರಾಸಿನಲ್ಲಿ ಹುಟ್ಟಿ ಫ್ಲಾರಿಡಾದಲ್ಲಿ ನೆಲೆಸಿದ ಟಿ.ಎನ್. ಕೃಷ್ಣಮೂರ್ತಿಯವರು, ಉಪಗ್ರಹ ಕಂಡ ಮಳೆಯನ್ನು ಮಾದರಿಯ ಆರಂಭ ಸ್ಥಿತಿಯೊಳಗೇ ಸೇರಿಸುವ ದಾರಿ ತೋರಿಸಿದರು. ಇಷ್ಟು ಫಲವತ್ತಾದ ದಾರಿಗೆ ನಮ್ಮಲ್ಲಿ ಸಿಕ್ಕ ಅನುಯಾಯಿಗಳು ಕಡಿಮೆ. ಬದಲಿಗೆ ಎಂಎಂ5, ಆಮೇಲೆ ಡಬ್ಲ್ಯುಆರ್‌ಎಫ್ ಎಂಬ ಪ್ರಾದೇಶಿಕ ಮಾದರಿಗಳು ಪುಕ್ಕಟೆ ಸಿಕ್ಕವು. ಗ್ರಿಡ್ 27, 9, 3 ಕಿ.ಮೀ. ಎಂದು ಇಳಿಯಿತು. ಆಗಿಹೋದ ಒಂದು ಮಳೆಯನ್ನು ಆರಿಸಿ, ಅದಕ್ಕೆ ಹೊಂದುವ ತನಕ ಮೋಡದ ಸೂತ್ರಗಳನ್ನು ಬದಲಿಸಿ ನೋಡುವ ಪ್ರಬಂಧಗಳು ರಾಶಿ ಬಿದ್ದವು.

2005ರ ಜುಲೈ 26ರ ಮುಂಬಯಿಯನ್ನು ನೋಡಿ. ಸಾಂತಾಕ್ರೂಜ್‌ನಲ್ಲಿ ದಿನದ ಮಳೆ 944 ಮಿ.ಮೀ.; ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ 73. ನಡುವಿನ ದೂರ ಇಪ್ಪತ್ತು ಚಿಲ್ಲರೆ ಕಿ.ಮೀ. 3 ಕಿ.ಮೀ. ಗ್ರಿಡ್ ಇದ್ದರೆ ಇದು ಸಿಗುತ್ತಿತ್ತು ಎಂಬುದು ಸುಲಭದ ಮಾತು. ಮಾದರಿಯೊಂದು ನಂಬುವಂತೆ ಬಿಡಿಸಬಲ್ಲ ಆಕೃತಿ ಗ್ರಿಡ್ಡಿನ ಆರೇಳು ಪಟ್ಟು ದೊಡ್ಡದಿರಬೇಕು, 3 ಕಿ.ಮೀ. ಎಂದರೆ ನಿಜದಲ್ಲಿ 20 ಕಿ.ಮೀ. ಮೇಲಾಗಿ, ಹೊರಗಿನ ಜಾಗತಿಕ ಮಾದರಿಯಿಂದ ಸ್ಥಿತಿಯನ್ನು ಕಡ ತಂದು ಹೊರಡುವ ಪ್ರಾದೇಶಿಕ ಮಾದರಿಗೆ ತನ್ನದೇ ಮೋಡ ಕಟ್ಟಿಕೊಳ್ಳಲು ಮೊದಲ ಹಲವು ಗಂಟೆಗಳು ಬೇಕು. ಬಿರುಮಳೆಯ ಆಯುಸ್ಸೇ ಅಷ್ಟು. ಅಳತೆಯಿಲ್ಲದೆ ಗ್ರಿಡ್ ಕುಗ್ಗಿಸುವುದು ಹಳೆಯ ಸರ್ವೆ ನಕ್ಷೆಯನ್ನು ದೊಡ್ಡ ಹಾಳೆಗೆ ನಕಲಿಸಿದ ಹಾಗೆ. ಗಡಿಕಲ್ಲು ಎಲ್ಲಿದೆಯೆಂದು ಅದರಿಂದ ತಿಳಿಯದು. ರೇಡಾರ್ ಕಂಡದ್ದನ್ನು, ಉಪಗ್ರಹ ಅಳೆದದ್ದನ್ನು ಮಾದರಿಯ ಹಿಂದಿನ ಅಂದಾಜಿನ ಜೊತೆ ತೂಗಿ ಬೆರೆಸುವ ಡೇಟಾ ಅಸಿಮಿಲೇಶನ್ ಇರುವುದು ಈ ಕೊರತೆ ನೀಗಿಸಲಿಕ್ಕೆ. ಅಮೆರಿಕದ 3 ಕಿ.ಮೀ. ಮಾದರಿ 2014ರಿಂದ ಗಂಟೆಗೊಮ್ಮೆ ಹೊಸದಾಗಿ ಹೊರಡುತ್ತದೆ; ಅದರ ಬಲವಿರುವುದು 3 ಎಂಬ ಅಂಕಿಗಿಂತ ಈ ಗಂಟೆಗೊಮ್ಮೆಯಲ್ಲಿ.

ಚಂಡಮಾರುತದ ಉದಾಹರಣೆ ಕೊಟ್ಟು ಇದನ್ನು ಅಲ್ಲಗಳೆಯುವವರಿದ್ದಾರೆ. 1999ರಲ್ಲಿ ಒಡಿಶಾದಲ್ಲಿ ಸಾವಿರಾರು ಜನ ಸತ್ತರು. 2013ರ ಫೈಲಿನ್ ಹೊತ್ತಿಗೆ ದಾರಿ ಮೊದಲೇ ತಿಳಿದು ಲಕ್ಷಾಂತರ ಜನ ಪಾರಾದರು, ಇದು ಗಣಕಬಲವಲ್ಲವೇ ಎಂಬುದು ಅವರ ಪ್ರಶ್ನೆ. ಭಾಗಶಃ ಹೌದು. ಆದರೆ ಚಂಡಮಾರುತದ ದಾರಿಯನ್ನು ನಿರ್ಧರಿಸುವುದು ಸಾವಿರಾರು ಕಿ.ಮೀ. ಹರಡಿದ ಗಾಳಿ, ಕಡಲ ಮೇಲಿನ ಆ ಗಾಳಿಯನ್ನು ಮಾದರಿಗೆ ತಿಳಿಸಿದ್ದು ಉಪಗ್ರಹಗಳು. ಇನ್ನೊಂದು ವಾದ ಹೊಸದು: ಗ್ರಾಫ್‌ಕಾಸ್ಟ್, ಪಂಗು ಮುಂತಾದ ಎಐ ಮಾದರಿಗಳು ನಿಮಿಷಗಳಲ್ಲಿ ಹತ್ತು ದಿನದ ಮುನ್ಸೂಚನೆ ಕೊಡುವಾಗ ಭೌತಶಾಸ್ತ್ರದ ಮಾದರಿಯೇ ಏಕೆ? ಅವು ನಿಜಕ್ಕೂ ಚೆನ್ನಾಗಿವೆ. ಆದರೆ ಅವು ಕಲಿತದ್ದು ಯುರೋಪಿನ ಕೇಂದ್ರ ಸಿದ್ಧಪಡಿಸಿದ ಇಆರ್‌ಎ5 ದತ್ತಾಂಶದಿಂದ. ಅದು ಡೇಟಾ ಅಸಿಮಿಲೇಶನ್ನಿನದೇ ಕೂಸು, ಅದರ ಗ್ರಿಡ್ 31 ಕಿ.ಮೀ. ಅದರಲ್ಲಿ ಕಾಣದ ಆಗುಂಬೆಯನ್ನು ಎಐ ತಾನಾಗಿ ಕಲಿಯಲಾರದು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ ಚಿತ್ರದುರ್ಗ ತಲಪುವಷ್ಟರಲ್ಲಿ ಅದರ ಹತ್ತನೇ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. ಹೀಗೆ ಬದಲಾಗುವ ನಾಡಿನಲ್ಲಿ ಅಳತೆಗೆ ಬರವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಮಳೆ ಎಂಬುದು ಫಲಿತಾಂಶ, ಅದನ್ನು ಹಿಂದಕ್ಕೆ ಬಿಡಿಸಿ ಗಾಳಿ, ತೇವಾಂಶವಾಗಿ ಮಾದರಿಗೆ ಉಣಿಸುವುದು ಕಷ್ಟ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನೆಲದ ತೇವವನ್ನು ತಿದ್ದಲು, ಯಾವ ಮಾದರಿ ಯಾವ ತಾಲ್ಲೂಕಿನಲ್ಲಿ ಎಡವುತ್ತದೆಂದು ಪರೀಕ್ಷಿಸಲು ಅದೇ ಅಂಕಿಗಳು ಸಾಕು. ಹೆಚ್ಚು ಕಾಡುವ ಕೊರತೆ ಮೇಲಿನ ಗಾಳಿಯದು. ರೇಡಿಯೊಸಾಂಡ್ ಕಟ್ಟಿದ ಬಲೂನು ಏರುವುದು ಬೆಳಗಿನ 5.30 ಮತ್ತು ಸಂಜೆ 5.30ರ ಲೆಕ್ಕಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಯಲುಸೀಮೆಯ ಗುಡುಗುಮಳೆ ಕಟ್ಟುವುದು ಮಧ್ಯಾಹ್ನ. ಬಿತ್ತನೆಗೆ ಹದ ನೋಡುವ ರೈತನಿಗೆ ಬೇಕಾದದ್ದು ಆ ಮಳೆಯ ಸುಳಿವು. ಅದಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಂದು ಬಲೂನು ಹಾರಿಸುವ ಖರ್ಚು, 6 ಕಿ.ಮೀ. ಗ್ರಿಡ್ಡನ್ನು 3ಕ್ಕೆ ಇಳಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.