ಡಿಸೈನ್ ಸರಿ ಇದ್ದರೂ ಕಾರ್ಡು ತಪ್ಪಿದರೆ

ರಬಕವಿ-ಬನಹಟ್ಟಿಯಲ್ಲಿ ಜಕಾರ್ಡ್ ಮಗ್ಗ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಸೀರೆಯ ಡಿಸೈನ್ ಮೊದಲು ಗ್ರಾಫ್ ಕಾಗದದ ಮೇಲಿರುತ್ತದೆ. ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆಯುತ್ತಾರೆ. ಮಗ್ಗಕ್ಕೆ ಗೊತ್ತಾಗುವುದು ತೂತು ಮಾತ್ರ. ಕಾರ್ಡು ತಪ್ಪಿದರೆ ಸೆರಗು ಕೆಡುತ್ತದೆ, ಬೈಗುಳ ನೇಕಾರನಿಗೆ.

ಕಂಪ್ಯೂಟರಿನಲ್ಲಿ ಈ ಕಾರ್ಡ್ ಹೊಡೆಯುವ ಕೆಲಸ ಕಂಪೈಲರ್‌ನದು. ಜಮಖಂಡಿ, ಮುಧೋಳ, ಬೀಳಗಿಯಲ್ಲಿ ನಮ್ಮೆಲ್ಲರ ಕೈಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಲಿನಕ್ಸ್ ಕರ್ನೆಲ್ ಇದೆ. 1991ರಲ್ಲಿ ಫಿನ್‌ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಅದನ್ನು ಯಂತ್ರದ ಭಾಷೆಗೆ ತಿರುಗಿಸುತ್ತ ಬಂದದ್ದು ಜಿಸಿಸಿ ಎಂಬ ಕಂಪೈಲರ್. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದದ್ದು.

2009ರಲ್ಲಿ ಬಂದ ಕರ್ನೆಲ್ 2.6.30ರಲ್ಲಿ, ಒಂದು ವಿಳಾಸ ಖಾಲಿಯೇ ಎಂದು ಪರೀಕ್ಷಿಸುವ ಸಾಲಿತ್ತು. ಆದರೆ ಅದಕ್ಕೂ ಮೊದಲೇ ಆ ವಿಳಾಸವನ್ನು ಬಳಸಿಬಿಟ್ಟಿದ್ದರು. ಜಿಸಿಸಿ ಲೆಕ್ಕ ಹಾಕಿತು: ಬಳಸಿದ್ದಾರೆಂದರೆ ಖಾಲಿ ಇರಲಾರದು. ಪರೀಕ್ಷೆಯ ಸಾಲನ್ನೇ ಕಿತ್ತುಹಾಕಿತು. ಒಳಗೆ ಬಂದವನು ಮನೆಯವನೇ ಇರಬೇಕು ಎಂದು ಕಾವಲುಗಾರನನ್ನು ಕಳಿಸಿಬಿಟ್ಟಂತೆ! ಸಿ ಭಾಷೆಯ ನಿಯಮದಲ್ಲಿ ಅದು ತಪ್ಪಲ್ಲ, ಎಡವಟ್ಟು ಬರೆದವರದೇ. ಆದರೆ ಆ ಕಿಂಡಿಯಿಂದ ಸಾಮಾನ್ಯ ಬಳಕೆದಾರನೂ ಇಡೀ ಯಂತ್ರದ ಯಜಮಾನನಾಗಬಹುದು ಎಂದು ಆ ಜುಲೈನಲ್ಲಿ ಬ್ರಾಡ್ ಸ್ಪೆಂಗ್ಲರ್ ಮಾಡಿ ತೋರಿಸಿದರು. ಸಾಲುಗಳ ಕ್ರಮ ಸರಿಹೋಯಿತು. ಜೊತೆಗೆ ಕರ್ನೆಲ್ ಕಟ್ಟುವ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಕಂಪೈಲರ್‌ಗೊಂದು ತಾಕೀತು ಬಿತ್ತು: ಖಾಲಿ ವಿಳಾಸದ ಪರೀಕ್ಷೆಗಳನ್ನು ಕೀಳಬೇಡ.

2014ರದು ಬೇರೆ ಕಥೆ, ಅಲ್ಲಿ ತಪ್ಪು ಕಂಪೈಲರ್‌ನದೇ. ಪ್ರೊಸೆಸರ್‌ಗಳಿಗೆ ಕೆಲಸ ಹಂಚುವ ಭಾಗವನ್ನು ಜಿಸಿಸಿ 4.9.0 ತಿರುಗಿಸುವಾಗ, ಒಂದು ಬೆಲೆಯನ್ನು ತನಗೆ ಸೇರದ ಮೆಮೊರಿ ಜಾಗದಲ್ಲಿಟ್ಟಿತು. ಬದು ದಾಟಿ ಪಕ್ಕದ ಹೊಲದಲ್ಲಿ ಕಬ್ಬು ಇಳಿಸಿದ ಹಾಗೆ. ನಡುವೆ ಬೇರೆ ತುರ್ತು ಕೆಲಸ ಬಂದರೆ ಅದು ಅಳಿಸಿಹೋಗುತ್ತಿತ್ತು. ತಮಾಷೆ ಎಂದರೆ, ದೋಷ ಹುಡುಕಲು ನೆರವಾಗುವ ಮಾಹಿತಿ ಸೇರಿಸಿ ಕಟ್ಟಿದಾಗಲೇ ಈ ದೋಷ ಹುಟ್ಟುತ್ತಿತ್ತು. ಟೋರ್ವಾಲ್ಡ್ಸ್ ಜಿಸಿಸಿಯನ್ನು ಚೆನ್ನಾಗಿ ಬೈದರು. ನಮಗೆ ಮುಖ್ಯ ಅನಿಸುವುದು ಬೈಗುಳವಲ್ಲ, ಹೊಸ ಜಿಸಿಸಿ ಬರಲಿ ಎಂದು ಅವರು ಕೂರಲಿಲ್ಲ. ಆ ಮಾಹಿತಿಯ ಗುಣಮಟ್ಟ ಸ್ವಲ್ಪ ಕುಗ್ಗಿದರೂ ಸರಿ ಎಂದು, ತೊಂದರೆ ಕೊಡುತ್ತಿದ್ದ ಸೌಲಭ್ಯವನ್ನೇ ಮೇಕ್‌ಫೈಲ್‌ನಲ್ಲಿ ಬಂದ್ ಮಾಡಿದರು. ಹಳೇ ಜಿಸಿಸಿ ಇಟ್ಟುಕೊಂಡವರೂ ಬಚಾವಾದರು.

ಆಮೇಲೆ ಗೂಗಲ್ ಫೋನಿನ ಕರ್ನೆಲ್‌ಗೆ ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್ ಹಿಡಿಯಿತು. 2017ರ ಪಿಕ್ಸೆಲ್ 2 ಹಾಗೆ ಬಂತು. ಖಾಲಿ ವಿಳಾಸದ ಆ ತಾಕೀತು ಮಾತ್ರ ಇವತ್ತಿಗೂ ಮೇಕ್‌ಫೈಲ್‌ನಲ್ಲಿದೆ.